ಬಕ್ಕೇಶಪ್ಪನ ದ್ವೀಪವೂ ಅಕ್ಕನಾಗಮ್ಮನ ಸೀರೆಯೂ

ದಾವಣಗೆರೆಗೆ ಸಮುದ್ರ ಬಹಳ ದೂರ. ಹಾಗಾಗಿ ದಾವಣಗೆರೆಯವನೊಬ್ಬ ದ್ವೀಪವಾಸಿಯಾಗಲು ನ್ಯಾಯವಾಗಿ ಯಾವ ದಾರಿಯೂ ಇರಲಿಲ್ಲ. ಆದರೆ ಮಂಡಿಪೇಟೆಯ ಒಣಮೆಣಸಿನಕಾಯಿ ವ್ಯಾಪಾರಸ್ಥರ ಮನೆಯ ಕಿರಿಮಗ ಬಕ್ಕೇಶಪ್ಪ ಇಂಥ ಸಣ್ಣಪುಟ್ಟ ಭೂಗೋಳಕ್ಕೆಲ್ಲ ಹೆದರುವ ಕುಳವಲ್ಲ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ, ದೇಶವೆಲ್ಲ ಬಿಡುಗಡೆಯ ಉಸಿರು ಬಿಡುತ್ತಿದ್ದಾಗ, ಅವನೂ ತನ್ನ ಅಣ್ಣನಿಂದ, ಅಂಗಡಿಯ ಗಾದಿಯಿಂದ, ಮೆಣಸಿನಕಾಯಿಯ ಘಾಟಿನಿಂದ ಬಿಡುಗಡೆ ಘೋಷಿಸಿಕೊಂಡು, ಹರಿಹರದಿಂದ ಮೇಲಕ್ಕೆ ತುಂಗಭದ್ರೆಯ ನಡುವೆ ಎದ್ದಿದ್ದ ಒಂದು ಗಡ್ಡೆಯ ಮೇಲೆ ಗುಡಿಸಲು ಹಾಕಿ ಕೂತ.

ಇದಕ್ಕೆಲ್ಲ ಕಾರಣ ರದ್ದಿ. ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ತಂದಿದ್ದ ರದ್ದಿಯಲ್ಲಿ ಯಾವುದೋ ಇಂಗ್ಲಿಷ್ ವಾರಪತ್ರಿಕೆಯ ಹಾಳೆ ಅವನ ಕೈಗೆ ಸಿಕ್ಕಿತು. ಅದರಲ್ಲಿ ಗಡ್ಡದ ವಿದೇಶಿ ಕಲಾವಿದನೊಬ್ಬನ ಫೋಟೋ ಇತ್ತು. ಆ ಪುಣ್ಯಾತ್ಮ ತನ್ನ ಊರು ಬಿಟ್ಟು ಎಲ್ಲೋ ಒಂದು ದ್ವೀಪವನ್ನು ದತ್ತು ತೆಗೆದುಕೊಂಡು, ಅಲ್ಲಿನ ಮರಳು, ಚಿಪ್ಪು, ಹರಿದ ಬಲೆ, ಒಡೆದ ದೋಣಿಯ ಹಲಗೆ ಎಲ್ಲವನ್ನೂ ಬಣ್ಣದ ಜೊತೆ ಅಂಟಿಸಿ ಚಿತ್ರ ಮಾಡುತ್ತಿದ್ದನಂತೆ. ಅದಕ್ಕೆ ಮಿಶ್ರ ಮಾಧ್ಯಮ ಎಂಬ ಹೆಸರಂತೆ. ಜನ ಸಾಲುಗಟ್ಟಿ ನೋಡುತ್ತಿದ್ದರಂತೆ. ಬಕ್ಕೇಶಪ್ಪ ಆ ಹಾಳೆಯಲ್ಲಿ ಮೆಣಸಿನಕಾಯಿ ಕಟ್ಟಲಿಲ್ಲ. ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ದಾವಣಗೆರೆಯ ಕಲಾಲೋಕದ ಹೊಸ ಯುಗ ಹೀಗೆ ಒಂದು ಪೊಟ್ಟಣದ ನಷ್ಟದೊಂದಿಗೆ ಆರಂಭವಾಯಿತು.

ಅದುವರೆಗಿನ ಅವನ ಕಲಾಸೇವೆಯೂ ಕಡೆಗಣಿಸುವಂಥದ್ದಲ್ಲ. ಅಂಗಡಿಯ ಚೀಲಗಳ ಮೇಲೆ ಗಿಳಿಯ ಗುರುತು ಬರೆಯುವ ಕೆಲಸ ಅವನದೇ. ಅವನು ಬರೆದ ಗಿಳಿ ಪ್ರತಿ ಚೀಲದ ಮೇಲೂ ಬೇರೆ ಬೇರೆ ಪಕ್ಷಿಯಾಗಿ ಕೂರುತ್ತಿತ್ತು. ರಾಣೆಬೆನ್ನೂರಿನ ಗಿರಾಕಿಯೊಬ್ಬ, "ಗಿಳಿ ಮಾರ್ಕ್ ಕಳಸ್ರಿ ಅಂದ್ರೆ ಕಾಗಿ ಮಾರ್ಕ್ ಕಳಿಸೀರಲ್ಲ," ಎಂದು ಲಾರಿಯನ್ನೇ ವಾಪಸು ಕಳಿಸಿದ್ದ. ಅಣ್ಣ ಬೈದರೆ ಬಕ್ಕೇಶಪ್ಪ, "ಒಂದೇ ಗಿಳೀನ ಮತ್ತೆ ಮತ್ತೆ ಬರೆಯೋದು ಅಚ್ಚಿನ ಕೆಲಸ, ಕಲಾವಿದಂದಲ್ಲ," ಎಂದು ಉತ್ತರ ಕೊಟ್ಟಿದ್ದ.

ಅವನ ದ್ವೀಪದ ವಿಸ್ತಾರ ಒಂದು ಜೋಳದ ಕಣದಷ್ಟಿತ್ತು. ಜಾಲಿಮುಳ್ಳು, ಒಂದೆರಡು ಹೊಂಗೆಮರ, ತುದಿಗೆ ಮರಳು. ಪ್ರಜೆಗಳೆಂದರೆ ಕೊಕ್ಕರೆಗಳು ಮತ್ತು ಒಂದು ಉಡ. ಊರವರು ಅದನ್ನು ಗಡ್ಡೆ ಎನ್ನುತ್ತಿದ್ದರು. ದ್ವೀಪ ಎಂದು ಕರೆದವನು ಬಕ್ಕೇಶಪ್ಪನೊಬ್ಬನೇ. ಬೇಸಿಗೆ ಬಂದಾಗ ದಡದ ಎಮ್ಮೆಗಳು ಹೊಟ್ಟೆ ಕೂಡ ನೆನೆಸಿಕೊಳ್ಳದೆ ಅಲ್ಲಿಗೆ ನಡೆದು ಬಂದು ಅವನ ಗುಡಿಸಲಿನ ಹುಲ್ಲು ತಿನ್ನುತ್ತಿದ್ದವು. ಆ ತಿಂಗಳುಗಳನ್ನು ಅವನು ತನ್ನ ದ್ವೀಪಜೀವನದ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ.

ಕೆಲಸದ ಕ್ರಮವನ್ನೂ ಹೇಳಿಬಿಡಬೇಕು. ದಪ್ಪ ಗೋಣಿತಟ್ಟನ್ನು ಹಲಗೆಗೆ ಬಿಗಿಯುವುದು. ಹುಣಸೆಬೀಜ ಕುದಿಸಿದ ಗೋಂದು ಬಳಿಯುವುದು. ಅದರ ಮೇಲೆ ಮರಳು, ಕಪ್ಪೆಚಿಪ್ಪು, ಮೀನಿನ ಬಲೆಯ ಚೂರು, ದಾವಣಗೆರೆಯ ಗಿರಣಿಗಳ ಹಿಂದೆ ಸಿಗುವ ಹತ್ತಿಯ ಕಸ. ಇಷ್ಟೆಲ್ಲ ಇದ್ದರೂ ಚಿತ್ರಗಳು ಮೊದಮೊದಲು ಮಂಕಾಗಿಯೇ ಇದ್ದವು. ಬಣ್ಣ ತಂದುಕೊಟ್ಟವಳು ನದಿ. ಪ್ರತಿ ಅಮಾವಾಸ್ಯೆ ಕಳೆದ ಮೇಲೆ ದ್ವೀಪದ ಮೂತಿಯ ಜಾಲಿಮುಳ್ಳಿಗೆ ಬಟ್ಟೆಗಳು ಬಂದು ಸಿಕ್ಕಿಕೊಳ್ಳುತ್ತಿದ್ದವು. ಹಸಿರು ಕುಪ್ಪಸ, ಕೆಂಪು ದಡಿಯ ಸೀರೆ, ಪಟ್ಟೆ ಪಟ್ಟೆಯ ಲುಂಗಿ. ಬಕ್ಕೇಶಪ್ಪ ಅವನ್ನು ಬಿಡಿಸಿ, ಒಣಗಿಸಿ, ಹರಿದು, ಗೋಂದಿನಲ್ಲಿ ಅದ್ದಿ ಅಂಟಿಸತೊಡಗಿದ. ಚಿತ್ರಗಳಿಗೆ ಜೀವ ಬಂತು. ಜೀವ ಎಲ್ಲಿಂದ ಬಂತೆಂದು ಅವನು ವಿಚಾರಿಸಲಿಲ್ಲ.

ವಿಚಾರಿಸಿದವನು ಹರಿಗೋಲಿನ ಮಕ್ತುಮ್ ಸಾಬ್. ವಾರಕ್ಕೊಮ್ಮೆ ಅಕ್ಕಿ, ಸೀಮೆಎಣ್ಣೆ ತಂದುಕೊಡುತ್ತಿದ್ದ ಮುದುಕ. ಒಣಹಾಕಿದ ಬಟ್ಟೆ ಕಂಡು ಅವನು ಹರಿಗೋಲಿನಿಂದ ಇಳಿಯಲೇ ಇಲ್ಲ.

"ಅಪ್ಪಾರೆ, ಇವು ಎಲ್ಲಿಯವು ಗೊತ್ತೈತೇನ್ರಿ?"

"ನದಿ ಕೊಟ್ಟಿದ್ದು."

"ನದಿ ಎಲ್ಲಿ ಕೊಡ್ತೈತ್ರಿ? ಮ್ಯಾಲೆ ಉಕ್ಕಡಗಾತ್ರಿ ಗದ್ದಿಗಿ ಐತೆ. ಗಾಳಿ ಹಿಡಿದೋರು ಬಂದು ಕರಿಬಸಜ್ಜನ ಹೆಸರಾಗೆ ಹೊಳಿಯಾಗ ಮುಳುಗ್ತಾರೆ. ಉಟ್ಟಿದ್ದು ಅಲ್ಲೇ ಬಿಟ್ಟು, ಹೊಸದು ಉಟ್ಕಂಡು, ಹಿಂದಕ್ಕ ತಿರುಗಿ ನೋಡದಂಗೆ ಹೋಗ್ತಾರೆ. ಬಟ್ಟೆ ಜತಿಗೆ ಮೈ ಬಿಟ್ಟ ಗಾಳೀನೂ ಬಂದಿರತೈತೆ. ಮುಟ್ಟಬ್ಯಾಡ್ರಿ."

"ಸಾಬ್ರೆ, ನೀವು ಮುಸ್ಲಿಮರು. ನಿಮಗ್ಯಾಕ ಈ ನಂಬಿಕೆ?"

"ದೆವ್ವ ಹಿಡಿಯೋ ಮುಂದ ಯಾವ ಜಾತಿ ಅಂತ ಕೇಳ್ತೈತೇನ್ರಿ?" ಎಂದು ಮಕ್ತುಮ್ ಸಾಬ್ ಅಕ್ಕಿಯ ಚೀಲವನ್ನು ನೀರಿನಿಂದಲೇ ದಡಕ್ಕೆ ಎಸೆದು ಹೋದ. ಮುಂದೆ ಯಾವಾಗಲೂ ಹಾಗೆಯೇ ಎಸೆದ.

ಬಕ್ಕೇಶಪ್ಪ ನಕ್ಕ. ಕಲೆಗೆ ಮೈಲಿಗೆಯಿಲ್ಲ ಎಂಬ ಮಾತನ್ನು ಜೋರಾಗಿ ಹೇಳಿದ. ಕೇಳಲು ಉಡ ಮಾತ್ರ ಇತ್ತು.

ಕೆಲವು ಮಳೆಗಾಲ ಹೀಗೆ ಕಳೆದವು. ಒಮ್ಮೆ ದಾವಣಗೆರೆಯ ಶಾಲೆಯೊಂದರ ಹಾಲಿನಲ್ಲಿ ಪ್ರದರ್ಶನವೂ ನಡೆಯಿತು. ಉದ್ಘಾಟಿಸಿದ ಗಣ್ಯರು ಚಿತ್ರಗಳಿಗೆ ಬೆನ್ನು ಮಾಡಿ ನಿಂತು ಕಲೆಯ ಮಹತ್ವದ ಬಗ್ಗೆ ಮಾತಾಡಿ, ತಿಂಡಿ ತಿಂದು, ಎಣ್ಣೆಯ ಕೈಯನ್ನು ಒಂದು ಚಿತ್ರದ ಮೂಲೆಗೆ ಒರೆಸಿ ಹೋದರು. ಅದು ಒರೆಸುವ ಬಟ್ಟೆಯಲ್ಲ, ತುಂಗಭದ್ರೆಯ ಪ್ರವಾಹ ಎಂದು ಬಕ್ಕೇಶಪ್ಪ ಹೇಳುವಷ್ಟರಲ್ಲಿ ಅವರ ಕಾರು ಹೊರಟಿತ್ತು. ಒಂದು ಚಿತ್ರವೂ ಯಾರ ಮನೆಗೂ ಹೋಗಲಿಲ್ಲ. ಎಲ್ಲವೂ ಬಕ್ಕೇಶಪ್ಪನ ಹೆಂಡತಿ ಕಸ್ತೂರಮ್ಮನ ಮನೆಯ ಅಟ್ಟ ಸೇರಿದವು.

ಕಸ್ತೂರಮ್ಮ ಮಂಡಿಪೇಟೆಯ ಮನೆಯನ್ನು ಬಿಟ್ಟು ಕದಲಿದವಳಲ್ಲ. ಗಂಡ ದ್ವೀಪಕ್ಕೆ ಹೋದದ್ದನ್ನು ಅವಳು ನೆಗಡಿಯೆಂದು ತಿಳಿದಿದ್ದಳು, ತಾನಾಗಿ ಇಳಿಯುತ್ತದೆ ಎಂದು. ಇಳಿಯಲಿಲ್ಲ. ಆ ವರ್ಷ ಶ್ರಾವಣದಲ್ಲಿ ಅವನು ಬಂದಾಗ ಅವಳು ಊಟಕ್ಕೆ ಬಡಿಸಿ ಎದುರಿಗೆ ಕೂತಳು.

"ಈ ದೀಪಾವಳಿ ಪೂಜಿಗೆ ಗಾದಿ ಮ್ಯಾಲೆ ಯಾರು ಕುಂದ್ರಬೇಕು ಅಂತ ನಿಮ್ಮಣ್ಣಾರು ಕೇಳ್ತಾ ಅದಾರೆ. ನೀವು ಬರದಿದ್ರೆ ಅವರ ಅಳಿಯನ್ನ ಕುಂದ್ರಸ್ತಾರಂತೆ."

"ಕುಂದ್ರಸ್ಲಿ. ನಾನು ಕಲಾವಿದ."

"ಯಾರು ಅಂದ್ರು?"

ಈ ಪ್ರಶ್ನೆಗೆ ಆ ವಾರಪತ್ರಿಕೆಯಲ್ಲಿ ಉತ್ತರವಿರಲಿಲ್ಲ.

"ನೋಡ್ರಿ," ಎಂದಳು ಕಸ್ತೂರಮ್ಮ. "ನಮ್ಮ ಅಟ್ಟ ಲೆಕ್ಕಕ್ಕಿಲ್ಲ. ನೀವು ಮಾಡಿದ್ದು ಒಂದಾದ್ರೂ ಬ್ಯಾರೇರ ಮನಿ ಗ್ವಾಡೆ ಮ್ಯಾಲೆ ಹತ್ತಿ, ದೀಪಾವಳಿ ಅಮಾಸೆ ತನಕ ಇಳೀದಂಗೆ ನಿಂತ್ರೆ, ನಾನು ಇನ್ನು ಜನ್ಮದಾಗೆ ನಿಮ್ಮನ್ನ ಮಂಡಿಗೆ ಕರೆಯಂಗಿಲ್ಲ. ಅದಕ್ಕ ಮುಂಚೆ ಇಳೀತೋ, ಗಾದಿ ಮ್ಯಾಲೆ ಕುಂದ್ರೋದು ನೀವು. ಗಿಳಿ ಬರೆಯೋದೂ ನೀವು."

ಗಿಳಿಯ ಮಾತು ಕೇಳಿದ್ದೇ ಬಕ್ಕೇಶಪ್ಪ ತಟ್ಟೆ ಸರಿಸಿದ. ಮಹಾವೀರರು ರಣರಂಗಕ್ಕೆ ಹೊರಡುವಂತೆ ಮಜ್ಜಿಗೆ ಕುಡಿದು ಎದ್ದು, ದ್ವೀಪದಲ್ಲಿ ತಾನು ಮಾಡಿದ್ದ ಅತಿ ದೊಡ್ಡ ಕೃತಿಯನ್ನು ತಂದೇಬಿಟ್ಟ. ಬಾಗಿಲಿನಷ್ಟು ಎತ್ತರ, ಮಂಚದಷ್ಟು ಅಗಲ. ಹೆಸರು 'ನನ್ನ ದ್ವೀಪ'. ನಡುವೆ ಮರಳು ಮತ್ತು ಚಿಪ್ಪಿನ ಗಡ್ಡೆ, ಸುತ್ತ ನದಿ. ನದಿಗೆ ಅವನು ಬಳಸಿದ್ದು ಕೆಂಪು ದಡಿಯ ಒಂದು ಕಪ್ಪುನೀಲಿ ಇಳಕಲ್ ಸೀರೆಯನ್ನು. ಹರಿಹರದಿಂದ ಬಸ್ಸಿನ ಮೇಲೆ ಅದನ್ನು ಹೇರಿದಾಗ ಕಂಡಕ್ಟರ್, "ಹಾಸಿಗಿಗೆ ಲಗೇಜ್ ಆಗ್ತೈತೆ," ಎಂದ.

ಚೌಕಟ್ಟು ಹಾಕಲು ಹಿದಾಯತ್ ಒಪ್ಪಲಿಲ್ಲ. ದಾವಣಗೆರೆಯ ಅರ್ಧ ದೇವರುಗಳಿಗೆ ಗಾಜು ಹಾಕಿದ ಫ್ರೇಮ್ ಅಂಗಡಿ ಅವನದು. "ದೇವ್ರಿಗೆ ಹಾಕಿದೀನಿ, ಮದ್ವಿ ಫೋಟೋಕ್ಕೆ ಹಾಕಿದೀನಿ, ಸತ್ತೋರಿಗೆ ಹಾಕಿದೀನಿ. ಹೊಳಿಗೆ ಫ್ರೇಮ್ ಹಾಕು ಅಂದೋರು ನೀವೇ ಮೊದಲು ನೋಡ್ರಿ ಸಾವ್ಕಾರ್ರೆ," ಎಂದ. ಕೊನೆಗೆ ಅದನ್ನು ಅಂಗಡಿಯ ಹೊರಗೆ ಗೋಡೆಗೆ ಒರಗಿಸಿ, ಅದರ ನೆರಳಲ್ಲಿ ತನ್ನ ಸೈಕಲ್ ನಿಲ್ಲಿಸಿಕೊಂಡ.

ಅದೇ ವಾರ ಅಲ್ಲಿಗೆ ಪರಮೇಶ್ವರಪ್ಪ ಬಂದ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಪೈಪಿನ ಕಾರ್ಖಾನೆ ಹಾಕಿ, ಹೊಸದಾಗಿ ಎರಡಂತಸ್ತಿನ ಮನೆ ಕಟ್ಟಿಸಿದ್ದ ಉದ್ಯಮಿ. ಪೈಪಿನ ಕಾರ್ಖಾನೆಯ ಒಡೆಯನ ಹೊಸ ಮನೆಯಲ್ಲೇ ಪೈಪು ಸೋರಿ, ಹಾಲಿನ ಗೋಡೆಯ ಮೇಲೆ ದೊಡ್ಡ ಕಲೆ ಬಿದ್ದಿತ್ತು. ಎಷ್ಟು ಸುಣ್ಣ ಹೊಡೆದರೂ ಆ ಕಲೆ ಮತ್ತೆ ಮೂಡುತ್ತಿತ್ತು. ಪರಮೇಶ್ವರಪ್ಪ ಚಿತ್ರದ ಮುಂದೆ ನಿಂತು ಎರಡೂ ಕೈ ಚಾಚಿ ಅಗಲ ನೋಡಿದ. ನಂತರ ಎತ್ತರ ನೋಡಿದ. ಮುಖದಲ್ಲಿ ರಸಾನುಭವ ಉಕ್ಕಿತು.

"ಇದು ಮಾಡರ್ನ್ ಏನ್ರಿ?"

"ಪೂರಾ ಮಾಡರ್ನ್," ಎಂದ ಹಿದಾಯತ್, ಸೈಕಲ್ ಸರಿಸುತ್ತ.

ಹೀಗೆ 'ನನ್ನ ದ್ವೀಪ' ಪರಮೇಶ್ವರಪ್ಪನ ಹಾಲಿನಲ್ಲಿ ಸೋರುವ ಪೈಪಿನ ಮೇಲೆ ಪ್ರತಿಷ್ಠಾಪನೆಗೊಂಡಿತು. ಸಂಜೆ ಬಂದ ಬ್ಯಾಂಕ್ ಮ್ಯಾನೇಜರು ಬಹಳ ಹೊತ್ತು ನೋಡಿ, "ಡೀಪ್ ಐತ್ರಿ," ಎಂದರು. ಬಕ್ಕೇಶಪ್ಪ ಮೂರು ದಿಕ್ಕಿಗೆ ಸುದ್ದಿ ಹೇಳಿಕೊಂಡು, ನಾಲ್ಕನೆಯ ದಿಕ್ಕಿಗೆ, ಅಂದರೆ ಹೆಂಡತಿಯ ಮುಂದೆ, ಎದೆಯುಬ್ಬಿಸಿ ನಿಂತ.

"ದೀಪಾವಳಿ ಇನ್ನೂ ಬಂದಿಲ್ಲ," ಎಂದಳು ಕಸ್ತೂರಮ್ಮ.

ದೀಪಾವಳಿಗೆ ಮೊದಲು ಬಂದವಳು ಉಚ್ಚಂಗಮ್ಮ. ಪರಮೇಶ್ವರಪ್ಪನ ತಾಯಿ. ಮಗಳ ಬಾಣಂತನಕ್ಕೆಂದು ಮಾಯಕೊಂಡಕ್ಕೆ ಹೋಗಿದ್ದವಳು ನವರಾತ್ರಿ ಮುಗಿಸಿ ಮರಳಿದಳು. ಬುಟ್ಟಿ ಇಳಿಸಿ, ಕಾಲು ತೊಳೆದು ಹಾಲಿಗೆ ಬಂದವಳ ಕಣ್ಣು ಗೋಡೆಯ ಮೇಲೆ ಹೋಯಿತು.

"ಕೌದಿ ಯಾಕ ಗ್ವಾಡಿಗೆ ಹಾಕೀಯೋ?"

"ಕೌದಿ ಅಲ್ಲವ್ವಾ, ಆರ್ಟು."

ಉಚ್ಚಂಗಮ್ಮ ಹತ್ತಿರ ಹೋದಳು. ನದಿಯ ಒಂದು ತಿರುವಿನಲ್ಲಿ, ಕೆಂಪು ದಡಿಯ ಪಕ್ಕ, ಒಲೆಯ ಕಿಡಿ ಬಿದ್ದು ಸುಟ್ಟ ತೂತಿತ್ತು. ಅದನ್ನು ಹಳದಿ ದಾರದಲ್ಲಿ ಹೊಲಿಯಲಾಗಿತ್ತು. ಹೊಲಿದ ಕೈ ಅವಳದೇ. ಸೀರೆ ಅವಳ ಅತ್ತೆ ಅಕ್ಕನಾಗಮ್ಮನದು.

ಅಕ್ಕನಾಗಮ್ಮ ಬದುಕಿದ್ದಾಗ ಇಡೀ ಓಣಿಯೇ ಅವಳ ಗಂಟಲಿಗೆ ಹೆದರುತ್ತಿತ್ತು. ಸತ್ತ ಮೇಲೆ ಅವಳ ಸೀರೆಯನ್ನು ಉಚ್ಚಂಗಮ್ಮ ಉಟ್ಟಳು, ಒಳ್ಳೆಯ ಸೀರೆ ಹಾಳಾಗಬಾರದೆಂದು. ಉಟ್ಟ ವಾರದಲ್ಲೇ ಅವಳ ಬಾಯಿಂದ ಅತ್ತೆಯ ದನಿ ಹೊರಟಿತು. ರೊಟ್ಟಿ ದಪ್ಪವಾಯಿತೆಂದು ತನ್ನನ್ನೇ ತಾನು ಬೈದುಕೊಂಡಳು. ತನ್ನ ತವರನ್ನು ತಾನೇ ಹಂಗಿಸಿದಳು. ಉಕ್ಕಡಗಾತ್ರಿಗೆ ಕರೆದೊಯ್ದು, ಹೊಳೆಯಲ್ಲಿ ಮುಳುಗಿಸಿ, ಸೀರೆಯನ್ನು ಅಲ್ಲೇ ಬಿಟ್ಟು, ಹಿಂತಿರುಗಿ ನೋಡದೆ ಬಂದ ಮೇಲೆ ಮನೆ ತಣ್ಣಗಾಯಿತು. ಬಿಟ್ಟುಬಂದ ಅತ್ತೆ ಈಗ ಮೊಮ್ಮಗನ ಹಾಲಿನಲ್ಲಿ, ಸೋಫಾ ಸೆಟ್ಟಿನ ಮೇಲೆ, ಬಾಗಿಲಿನಷ್ಟು ಎತ್ತರವಾಗಿ ನಿಂತಿದ್ದಳು.

ಉಚ್ಚಂಗಮ್ಮ ಸೀರೆ ಯಾರದೆಂದು ಕೂಗಿ ಹೇಳಿ ಮೂಲೆಗೆ ಹೋಗಿ ಕೂತಳು. ವಿಷಯ ತಿಳಿಯುತ್ತಲೇ ಸೊಸೆ ಮಕ್ಕಳನ್ನು ಕಟ್ಟಿಕೊಂಡು ಮೇಲಿನ ಅಂತಸ್ತಿಗೆ ಓಡಿದಳು. ಪರಮೇಶ್ವರಪ್ಪ ಕಾರ್ಖಾನೆಯಿಂದ ಆಳುಗಳನ್ನು ಕರೆಸಿ, ಚಿತ್ರ ಇಳಿಸಿ ಎಂದ. ಕಬ್ಬಿಣವನ್ನೇ ಬಗ್ಗಿಸುವ ಆ ಶೂರರು ಬಾಗಿಲಲ್ಲೇ ನಿಂತು, "ಸಾವ್ಕಾರ್ರೆ, ಓವರ್‌ಟೈಮ್ ಬ್ಯಾಡ, ಏನೂ ಬ್ಯಾಡ, ಆ ಬಟ್ಟೆ ನಾವು ಮುಟ್ಟಂಗಿಲ್ಲ," ಎಂದರು. "ನೀವೇ ಇಳಿಸ್ರಿ," ಎಂದೂ ಸೇರಿಸಿದರು. ಪರಮೇಶ್ವರಪ್ಪ ತನಗೆ ಬೆನ್ನುನೋವಿದೆ ಎಂದ. ಅದು ಆ ಕ್ಷಣಕ್ಕೆ ಹುಟ್ಟಿದ ಬೆನ್ನುನೋವು.

ಉಳಿದವನು ಒಬ್ಬನೇ. ಆ ಬಟ್ಟೆಯನ್ನು ಮುಟ್ಟಿ, ಹರಿದು, ಅಂಟಿಸಿ ಏನೂ ಆಗದೆ ಬದುಕಿದ್ದವನು. ಕಾರು ಹೋಗಿ ಹರಿಹರದ ಸೇತುವೆಯ ಹತ್ತಿರ ಅವನನ್ನು ಹಿಡಿದು ತಂದಿತು.

ಬಕ್ಕೇಶಪ್ಪ ಹಾಲಿನ ನಡುವೆ ನಿಂತ. ದೀಪಾವಳಿ ಹತ್ತಿರದಲ್ಲಿತ್ತು, ಆದರೆ ಬಂದಿರಲಿಲ್ಲ. ಇಳಿಸಿದರೆ ಗಾದಿ, ಗಿಳಿ, ಘಾಟು. ಇಳಿಸದಿದ್ದರೆ ಮೂಲೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ ಮುದುಕಿ.

"ನೋಡ್ರಿ ಪರಮೇಶ್ವರಪ್ಪಾರೆ," ಎಂದು ಗಂಟಲು ಸರಿಮಾಡಿಕೊಂಡ, "ಮಿಶ್ರ ಮಾಧ್ಯಮ ಅಂದ್ರೆ ಏನು? ಬಟ್ಟೆ ಒಮ್ಮೆ ಚಿತ್ರ ಆತು ಅಂದ್ರೆ ಅದು ಬಟ್ಟೆ ಅಲ್ಲ. ಅದು ನದಿ. ಈ ನದಿ ನನ್ನ ಅಂತರಂಗದ..."

"ನಿನ್ನ ಅಂತರಂಗ ನಿನ್ನ ಮನ್ಯಾಗ ಇಟ್ಕಳಪ್ಪಾ! ಇಳಿಸು ಮೊದ್ಲು!"

"ಅಮಾಸೆ ಆಗಿಬಿಡ್ಲಿ. ಅಮಾಸೆ ಮುಂಚೆ ಇಂಥದ್ದು ಅಲ್ಲಾಡಿಸಬಾರದು," ಎಂದುಬಿಟ್ಟ ಬಕ್ಕೇಶಪ್ಪ. ಕಲೆಗೆ ಮೈಲಿಗೆಯಿಲ್ಲ ಎಂದಿದ್ದ ಬಾಯಿಂದಲೇ ಈ ಶಾಸ್ತ್ರ ಹೊರಟಿತು. ಆಳುಗಳು ಹೌದು ಹೌದೆಂದು ತಲೆಯಾಡಿಸಿದರು. ಪರಮೇಶ್ವರಪ್ಪ ಬೆನ್ನುನೋವನ್ನು ಮರೆತು ಬಕ್ಕೇಶಪ್ಪನ ಅಂಗಿಯ ಕೊರಳಿಗೆ ಕೈ ಹಾಕಿದ.

ಆಗ ಮೂಲೆಯಿಂದ ಉಚ್ಚಂಗಮ್ಮ ಎದ್ದಳು. ಎಲ್ಲರೂ ಹಿಂದೆ ಸರಿದರು. ಸತ್ತವಳ ದನಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಆಳುಗಳು ಚಪ್ಪಲಿ ಹುಡುಕತೊಡಗಿದರು. ಉಚ್ಚಂಗಮ್ಮ ಚಿತ್ರದ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು. ಬಾಯಿಂದ ಬಂದದ್ದು ಅವಳದೇ ದನಿ.

"ಬಂದ್ಯಾ?"

ಆಳುಗಳು ಚಪ್ಪಲಿ ಹುಡುಕುವುದನ್ನು ಬಿಟ್ಟು ತಿರುಗಿ ನೋಡಿದರು.

"ಬಾ. ಕುಂದ್ರಾಕ ಚಂದದ ಜಾಗ ಕೊಟ್ಟಾನೆ ನಿನ್ನ ಮೊಮ್ಮಗ. ನನಗ ಮದ್ವಿ ಆಗಿ ಬಂದಾಗ ಯಾವ ಜಾಗ ಕೊಟ್ಟಿದ್ದಿ ನೀನು? ಕಟ್ಟಿಗಿ ಕೋಣಿ. ಹಬ್ಬದ ಹೋಳಿಗಿ ಎಣಿಸಿ ಬೀಗ ಹಾಕ್ತಿದ್ದಿಯಲ್ಲ, ಆ ಬೀಗದ ಕೈ ಹೋಗೋ ಮುಂದ ಒಯ್ದ್ಯೇನು? ನಮ್ಮಪ್ಪ ಬಂದ್ರೆ ನೀರು ಕೊಡಬ್ಯಾಡ ಅಂತ ಕಣ್ಸನ್ನಿ ಮಾಡಿದ್ದಿ. ಮಾಡಿದ್ದಿ ಇಲ್ಲ? ಮಾತಾಡು!"

'ನನ್ನ ದ್ವೀಪ' ಮಾತಾಡಲಿಲ್ಲ. ಇದರಿಂದ ಉಚ್ಚಂಗಮ್ಮನಿಗೆ ಅಪಾರ ಸಂತೋಷವಾದಂತೆ ಕಂಡಿತು. ಅತ್ತೆ ಉತ್ತರ ಕೊಡದೆ ಇದ್ದದ್ದು ಇದೇ ಮೊದಲು. ಅವಳು ನೀರು ತರಿಸಿ ಕುಡಿದು, ಸೆರಗು ಬಿಗಿದು, ಮುಂದುವರಿದಳು. ಮಗನ ಕೈ ಬಕ್ಕೇಶಪ್ಪನ ಕೊರಳಪಟ್ಟಿಯ ಮೇಲೆ ಹಾಗೇ ಇತ್ತು.

"ಅವ್ವಾ, ಇಳಿಸ್ತಾನವ್ವಾ," ಎಂದ ಪರಮೇಶ್ವರಪ್ಪ ಮೆಲ್ಲಗೆ.

"ಮುಟ್ಟಿದ್ರೆ ನೋಡು! ಆವಾಗ ಆಕಿ ನನ್ನ ಬಾಯಾಗ ಕುಂತಿದ್ಲು. ಬಾಯಾಗ ಕುಂತೋರನ್ನ ಬಯ್ಯೋದು ಹೆಂಗೋ? ಈಗ ಎದುರಿಗೆ ಸಿಕ್ಕಾಳೆ. ಇನ್ನೂ ಮದ್ವಿ ಆದ ವರ್ಷದ್ದೇ ಮುಗಿದಿಲ್ಲ."

ಆ ದಿನದಿಂದ ಉಚ್ಚಂಗಮ್ಮ ಊಟವಾದ ಮೇಲೆ ಸೋಫಾದ ಮೇಲೆ ಕಾಲು ಮಡಚಿ ಕೂತು ಅತ್ತೆಯನ್ನು ವರ್ಷವಾರು ವಿಚಾರಿಸಿಕೊಳ್ಳತೊಡಗಿದಳು. ಹಸಿವು ಹೆಚ್ಚಿತು. ನಿದ್ದೆ ಹತ್ತಿತು. ದೀಪಾವಳಿ ಅಮಾವಾಸ್ಯೆ ಬಂದು ಹೋಯಿತು, ಚಿತ್ರ ಕದಲಲಿಲ್ಲ. ಮಂಡಿಯ ಗಾದಿಯ ಮೇಲೆ ಅಣ್ಣನ ಅಳಿಯ ಕೂತ. ಬಕ್ಕೇಶಪ್ಪ ಗೆದ್ದ.

ಗೆದ್ದ ವೀರ ಒಂದು ದಿನ ತನ್ನ ಕೃತಿಯ ದರ್ಶನಕ್ಕೆಂದು ಹೋದ. 'ನನ್ನ ದ್ವೀಪ' ಎಂಬ ತಗಡಿನ ಫಲಕವನ್ನೂ ಬರೆಸಿಕೊಂಡು ಹೋಗಿದ್ದ. ಹಾಲಿನಲ್ಲಿ ಓಣಿಯ ಹೆಂಗಸರ ಸಭೆ ಸೇರಿತ್ತು. ಫಲಕ ಹಾಕಬೇಕಾದ ಜಾಗದಲ್ಲಿ ಯಾರೋ ಇದ್ದಿಲಿನಲ್ಲಿ 'ಅಕ್ಕನಾಗಮ್ಮ' ಎಂದು ಬರೆದಿದ್ದರು. ಅವನನ್ನು ಕಂಡದ್ದೇ ತಡ, ಹೆಂಗಸರು ಸುತ್ತುವರಿದರು. ಒಬ್ಬಳ ಕೈಯಲ್ಲಿ ಅತ್ತೆಯ ಕುಪ್ಪಸ, ಇನ್ನೊಬ್ಬಳ ಕೈಯಲ್ಲಿ ಪಾಲು ಕೊಡದೆ ಸತ್ತ ಭಾವನ ರುಮಾಲು. ನಿಂಬೆ ಬಣ್ಣದ ಲಂಗವೊಂದನ್ನು ತಂದಿದ್ದ ಪಕ್ಕದ ಮನೆಯ ಅಖ್ತರ್ ಬಾನು, ಅದು ತನ್ನ ನಾದಿನಿಯದೆಂದೂ, ನಾದಿನಿ ಇನ್ನೂ ಬದುಕಿದ್ದಾಳೆಂದೂ, ಆದರೆ ಅದರಿಂದ ಕೆಲಸಕ್ಕೆ ಅಡ್ಡಿಯಾಗಬಾರದೆಂದೂ ಹೇಳಿದಳು.

"ತಾಯೀ, ನಾನು ಮಾಡೋದು ದ್ವೀಪ," ಎಂದ ಬಕ್ಕೇಶಪ್ಪ ದೀನನಾಗಿ. "ನನ್ನ ದ್ವೀಪ."

"ಮಾಡ್ರಲ್ಲ, ಯಾರು ಬ್ಯಾಡ ಅಂದ್ರು? ದ್ವೀಪ ಹಿಂದಿರ್ಲಿ, ಮುಂದ ನಮ್ಮತ್ತೆ ಇರ್ಲಿ," ಎಂದರು.

ಹೀಗೆ ತುಂಗಭದ್ರೆಯ ನಡುಗಡ್ಡೆಯಲ್ಲಿ ದಾವಣಗೆರೆಯ ಅತ್ತೆಯರು, ಭಾವಂದಿರು, ನಾದಿನಿಯರು ಒಬ್ಬೊಬ್ಬರಾಗಿ ಮರಳು, ಚಿಪ್ಪುಗಳ ನಡುವೆ ಎದ್ದು ನಿಂತರು. ಊರಿನ ಗೋಡೆಗಳು ತುಂಬಿದವು. ವಿಮರ್ಶಕರಿಲ್ಲದ ಊರಿನಲ್ಲಿ ಅವನ ಕೃತಿಗಳಿಗೆ ದಿನವೂ ಸಿಗುತ್ತಿದ್ದಷ್ಟು ಕಟುವಿಮರ್ಶೆ ಬೇರೆ ಯಾವ ಕಲಾವಿದನಿಗೂ ಸಿಕ್ಕಿರಲಾರದು. ಮಕ್ತುಮ್ ಸಾಬ್ ಮಾತ್ರ ಅತ್ತೆಯರನ್ನು ಹರಿಗೋಲಿನಲ್ಲಿ ಸಾಗಿಸುವಾಗ ಕಣ್ಣು ಮುಚ್ಚಿಕೊಂಡೇ ಹುಟ್ಟು ಹಾಕುತ್ತಿದ್ದ.

ಕಸ್ತೂರಮ್ಮ ಮಾತಿಗೆ ತಪ್ಪುವವಳಲ್ಲ. ಮಂಡಿಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಯುಗಾದಿಗೆ ಮುಂಚೆ ಗಂಡ ಬಂದಾಗ ಒಂದು ಗಂಟು ಅವನ ಮುಂದಿಟ್ಟಳು. ಒಳಗೆ ಅವನದೇ ಹಳೆಯ ಅಂಗಿ ಇತ್ತು. ಮಂಡಿಯಲ್ಲಿ ತೊಡುತ್ತಿದ್ದದ್ದು, ಇನ್ನೂ ಮೆಣಸಿನಕಾಯಿಯ ಘಾಟಿತ್ತು.

"ಇದು ಯಾರ ಆರ್ಡರು?" ಎಂದ ಬಕ್ಕೇಶಪ್ಪ.

"ನಂದು. ನಮ್ಮ ಪಡಸಾಲಿ ಗ್ವಾಡಿಗೆ. ಅಟ್ಟಕ್ಕಲ್ಲ."

ಊರಿನ ಎಲ್ಲರಿಗೂ ಮಾಡಿಕೊಟ್ಟವನು ಹೆಂಡತಿಗೆ ಬೇಡ ಎನ್ನುವುದು ಹೇಗೆ? ಅಂಗಿಯನ್ನು ದ್ವೀಪಕ್ಕೆ ಒಯ್ದ. ಅತ್ತೆಯರನ್ನು ವಾರದೊಳಗೆ ಮುಗಿಸುತ್ತಿದ್ದವನು ಈ ಒಂದು ಅಂಗಿಯ ಮುಂದೆ ಬೇಸಿಗೆಯಿಡೀ ಕೂತ. ತೋಳು ಮಡಚಿ ಅಂಟಿಸಿದರೆ ಸೋಮಾರಿಯಂತೆ ಕಂಡಿತು, ಚಾಚಿದರೆ ಭಿಕ್ಷೆ ಬೇಡುವವನಂತೆ. ಕೊನೆಗೆ ಖಾಲಿ ತೋಳುಗಳನ್ನು ಹಾಗೇ ಇಳಿಬಿಟ್ಟು, ಸುತ್ತ ಒಂದಿಷ್ಟು ಮರಳು ಚೆಲ್ಲಿ ಮುಗಿಸಿದ. ಅವನು ಮಾಡಿದ್ದರಲ್ಲೆಲ್ಲ ನೋಡಿದ ಕೂಡಲೇ ಯಾರೆಂದು ತಿಳಿಯುತ್ತಿದ್ದ ಚಿತ್ರ ಅದೊಂದೇ.

ಕಸ್ತೂರಮ್ಮ ತಾನೇ ಮೊಳೆ ಹೊಡೆದು ಪಡಸಾಲೆಯಲ್ಲಿ ಅದನ್ನು ತೂಗುಹಾಕಿದಳು. ದೂರ ನಿಂತು ನೋಡಿ, ಸ್ವಲ್ಪ ಎಡಕ್ಕೆ ಸರಿಸಿದಳು. ಗಂಡನ ಕೈಗೆ ಬುತ್ತಿಯ ಗಂಟು ಕೊಟ್ಟು, "ನೀವು ಹೊರಡ್ರಿ, ಹರಿಹರದ ಬಸ್ಸು ತಪ್ಪತೈತೆ," ಎಂದಳು. ಚಿತ್ರದ ಎದುರು ಚಾಪೆ ಹಾಸಿ, ಶೇಂಗಾದ ಮೊರ ಎಳೆದುಕೊಂಡು ಕೂತಳು.

ಬಕ್ಕೇಶಪ್ಪ ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುತ್ತಿದ್ದ. ಒಳಗಿನಿಂದ ದನಿ ಕೇಳಿತು.

"ಅಲ್ರಿ, ಹೋಗೋ ಮುಂದ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲೇನ್ರಿ ನಿಮಗ? ನೀನೂ ಬರ್ತೀಯೇನೇ ಅಂತ?"

ಬಕ್ಕೇಶಪ್ಪ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದ. "ಹಂಗಲ್ಲೇ ಕಸ್ತೂರಿ, ನೀ ಬರಂಗಿಲ್ಲ ಅಂತ ನಾನು..."

ಕಸ್ತೂರಮ್ಮ ತಿರುಗಿಯೂ ನೋಡಲಿಲ್ಲ. ಶೇಂಗಾ ಸುಲಿಯುತ್ತ, "ನಿಮಗಲ್ರಿ ಹೇಳಿದ್ದು," ಎಂದಳು.